ಕುರ್ಚಿ ಉಳಿಸಲು ಹೋದ ಅರ್ಜಿ

ನಾನು ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾಗಿ ನಾಲ್ಕು ತಿಂಗಳೂ ತುಂಬಿರಲಿಲ್ಲ, ಅಷ್ಟರಲ್ಲಿ ಸರ್ಕಾರ ನಮ್ಮೂರನ್ನು ಹಾಸನ ನಗರಕ್ಕೆ ಸೇರಿಸುತ್ತೇನೆ ಅಂತ ಹೊರಟಿತು. ಸಿಟ್ಟು ಬರುತ್ತೋ ಇಲ್ಲವೋ ನೀವೇ ಹೇಳಿ. ಊರುಗಳೇನು ಕಮ್ಮಿಯಿದ್ದವಾ? ಇಷ್ಟು ವರ್ಷ ಸುಮ್ಮನಿದ್ದವರಿಗೆ ನಾನು ಕೂತಮೇಲೇ ನಮ್ಮೂರು ಕಣ್ಣಿಗೆ ಬೀಳಬೇಕಾ?

ನಮ್ಮೂರು ಹಾಸನದಿಂದ ದುದ್ದದ ಕಡೆ ಹೋಗುವ ದಾರಿಯಲ್ಲಿದೆ. ಹೆಸರು ಹೇಳುವುದಿಲ್ಲ, ಹೇಳಿದರೆ ಊರಿನವರು ಮನೆ ಮುಂದೆ ಬಂದು ನಿಲ್ಲುತ್ತಾರೆ. ಆ ಊರಿಗೆ ಸೊಸೆಯಾಗಿ ಬಂದಾಗಿನಿಂದ ನನ್ನನ್ನು ಕರೆಯಲು ಸ್ವಂತದ್ದು ಅಂತ ಒಂದು ಹೆಸರೇ ಇರಲಿಲ್ಲ. ಮೊದಲು ‘ಮೇಲಿನಮನೆ ಸೊಸೆ’ ಆಗಿದ್ದೆ. ಗಂಡ ರಾಗಿ ಮಿಲ್ಲು ಇಟ್ಟಮೇಲೆ ‘ಮಿಲ್ಲಿನವನ ಹೆಂಡ್ತಿ’ ಆದೆ. ಆಮೇಲೆ ಮಗಳು ಶಾಲೆಗೆ ಸೇರಿದಳು, ಅವಳ ಅಮ್ಮ ಆದೆ. ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಗಿ ನಾನು ಗೆದ್ದ ದಿನ ಬಿಲ್ ಕಲೆಕ್ಟರು ಎದ್ದು ನಿಂತು “ಬನ್ನಿ ಅಧ್ಯಕ್ಷರೇ” ಅಂದಾಗ, ನನ್ನ ಹಿಂದೆ ಯಾರು ಬರುತ್ತಿದ್ದಾರೆ ಅಂತ ತಿರುಗಿ ನೋಡಿದ್ದೆ. ಹಿಂದೆ ಯಾರೂ ಇರಲಿಲ್ಲ.

ಕುರ್ಚಿಯೋ, ತಿರುಗುವ ಕುರ್ಚಿ. ಸುಳ್ಳು ಯಾಕೆ ಹೇಳಲಿ, ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಬಾಗಿಲು ಮುಂದೆ ಮಾಡಿಕೊಂಡು, ಕಾಲಿನಿಂದ ನೆಲ ಒದ್ದು, ಮೂರು ಸುತ್ತು ತಿರುಗಿದ್ದೇನೆ. ಮೂರನೇ ಸುತ್ತಿಗೆ ಬಿಲ್ ಕಲೆಕ್ಟರು ಫೈಲು ಹಿಡಿದು ಒಳಗೆ ಬಂದ. ನಾನು ಗೋಡೆಯ ಮೇಲಿನ ನಕ್ಷೆ ನೋಡುತ್ತಿರುವವಳ ಹಾಗೆ ಮಾಡಿದೆ. ತಲೆ ಸುತ್ತುತ್ತಿದ್ದರಿಂದ ನಕ್ಷೆಯಲ್ಲಿ ಊರು ಎಲ್ಲಿದೆ ಅಂತಲೂ ಗೊತ್ತಾಗಲಿಲ್ಲ.

ಸುದ್ದಿ ತಂದದ್ದು ನಮ್ಮ ಪಿಡಿಓ. ಹಾಸನವನ್ನು ಮಹಾನಗರ ಪಾಲಿಕೆ ಮಾಡುತ್ತಾರಂತೆ, ಸುತ್ತಮುತ್ತಲ ಹಳ್ಳಿಗಳನ್ನೂ ಸೇರಿಸಿಕೊಳ್ಳುತ್ತಾರಂತೆ, ಕರಡು ಆದೇಶ ಬಂದಿದೆಯಂತೆ, ಆಕ್ಷೇಪಣೆ ಇದ್ದವರು ತಿಂಗಳೊಳಗೆ ಬರೆದು ಕೊಡಬೇಕಂತೆ.

“ಊರು ನಗರದ ಗಡಿಯೊಳಗೆ ಹೋಯ್ತು ಅಂದ್ರೆ ಪಂಚಾಯಿತಿ ಕಾಯ್ದೆ ನಮಗೆ ಅನ್ವಯ ಆಗಲ್ಲ ಮೇಡಂ. ಪಂಚಾಯಿತಿ ಇರಲ್ಲ, ಸದಸ್ಯರೂ ಇರಲ್ಲ,” ಅಂದರು.

“ಅಧ್ಯಕ್ಷರು?”

“ಪಂಚಾಯಿತಿನೇ ಇಲ್ಲ ಅಂದ್ಮೇಲೆ...” ಅಂತ ಅವರು ನನ್ನ ಮುಖ ನೋಡಿ, ಪಾಪ, ಅಲ್ಲಿಗೇ ನಿಲ್ಲಿಸಿಬಿಟ್ಟರು.

ಮಾರನೇ ದಿನವೇ ಸಭೆ ಕರೆದೆ. ಈಗ ಒಂದು ವಿಷಯ ಒಪ್ಪಿಕೊಳ್ಳಬೇಕು. ನಮ್ಮೂರಿನವರು ಹತ್ತಾರು ವರ್ಷಗಳಿಂದ ಸರ್ಕಾರಕ್ಕೆ ಒಂದೇ ಅರ್ಜಿ ಕೊಡುತ್ತಾ ಬಂದಿದ್ದರು: ನಮ್ಮನ್ನು ಹಾಸನಕ್ಕೆ ಸೇರಿಸಿ ಅಂತ. ಸೇರಿಸಿದರೆ ದಿನಾ ಹೇಮಾವತಿ ನೀರು ಬರುತ್ತದೆ, ಬೀದಿಗೆಲ್ಲ ದೀಪ ಬರುತ್ತದೆ, ಒಳಚರಂಡಿ ಆಗುತ್ತದೆ ಅಂತ. ಪ್ರತಿ ಅಧ್ಯಕ್ಷರೂ ಕೊಟ್ಟಿದ್ದರು, ಯಾವ ಸರ್ಕಾರವೂ ತಿರುಗಿ ನೋಡಿರಲಿಲ್ಲ. ಈಗ ಸರ್ಕಾರವೇ ಬಾ ಅಂತ ಕರೆದರೆ, ಅದೇ ಸದಸ್ಯರು ಮೇಜು ಗುದ್ದಿ ಬೇಡ ಅಂದರು. ಉದ್ಯೋಗ ಖಾತ್ರಿ ಕೆಲಸ ನಿಂತುಹೋಗುತ್ತದೆ, ಮನೆ ಕಂದಾಯ ಏರುತ್ತದೆ, ತಿಪ್ಪೆ ಹಾಕಲು ಬಿಡುವುದಿಲ್ಲ ಅಂತ ಕಾರಣಗಳೂ ಹುಟ್ಟಿಕೊಂಡವು. ತಮ್ಮ ಸ್ಥಾನ ಹೋಗುತ್ತದೆ ಅಂತ ಮಾತ್ರ ಒಬ್ಬರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಉಪಾಧ್ಯಕ್ಷರು ಒಳ್ಳೇ ಮಾತುಗಾರ. ಬಿಳಿ ಪಂಚೆ, ಜೇಬಲ್ಲಿ ಎರಡು ಪೆನ್ನು, ಎರಡೂ ಬರೆಯುವುದಿಲ್ಲ. ಎದ್ದು ನಿಂತು, “ನಮ್ ಅಧ್ಯಕ್ಷರ ಅತ್ತೇರಿಗೆ ವಯಸ್ಸಾಗದೆ. ಎರಡು ಹಸ ಕಟ್ಕಂಡು ಡೇರಿಗೆ ಹಾಲು ಹಾಕ್ತವ್ರೆ. ನಾಳೆ ಪಾಲಿಕೆಯೋರು ಬಂದು ಹಸ ಬಿಚ್ಚು ಅಂದ್ರೆ ಆ ತಾಯಿ ಎಲ್ಲಿಗೋಗ್ಬೇಕು?” ಅಂದರು. ಚಪ್ಪಾಳೆ ಬಿತ್ತು. ನನಗೂ ಕಣ್ಣಲ್ಲಿ ನೀರು ಬಂತು.

ಮನೆಗೆ ಹೋಗಿ ಅತ್ತೆಗೆ ಹೇಳಿದರೆ ಅವರು ಸಗಣಿ ಕೈಯಲ್ಲೇ ಸೊಂಟದ ಮೇಲೆ ಕೈ ಇಟ್ಟು ನಿಂತರು.

“ನನ್ ಹಸ ನಿಮ್ ಮೀಟಿಂಗಿಗ್ಯಾಕಮ್ಮಿ ಬಂತು? ಅದುಕ್ಕೆ ಸಿಟಿ ಆದ್ರೇನು, ಹಳ್ಳಿ ಆದ್ರೇನು? ಬೂಸ ಇಕ್ಕುದ್ರೆ ಹಾಲು ಕೊಡ್ತದೆ. ನಿನ್ ಕುರ್ಚಿ ಓಯ್ತದೆ ಅಂತ ಬಾಯ್ಬುಟ್ಟು ಹೇಳು.”

“ನಾನು ಊರಿಗೋಸ್ಕರ ಓಡಾಡ್ತಿರೋದು ಅತ್ತೆ!”

“ಊಂ ಊಂ, ಗೊತ್ತು ಕಣ್ ಓಗು,” ಅಂದು ಕೊಟ್ಟಿಗೆಗೆ ಹೋದರು.

ಮೈಯೆಲ್ಲಾ ಉರಿದುಹೋಯಿತು. ಆ ಸಿಟ್ಟಿನಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಅತ್ತೆ ಮುದ್ದೆಗೆ ಮಜ್ಜಿಗೆ ಸುರಿದುಕೊಂಡು ಊಟ ಮುಗಿಸಿದರು.

ಸಮಾಧಾನ ಹೇಳುವವರು ಬೇಕಲ್ಲ ಅಂತ ಅರಕಲಗೂಡಿನಲ್ಲಿರುವ ಅಣ್ಣನಿಗೆ ಫೋನು ಮಾಡಿದೆ. ಅವರದು ಪಟ್ಟಣ ಪಂಚಾಯಿತಿ. ಪೇಟೆ ಆದಮೇಲೆ ಎಷ್ಟು ಕಷ್ಟ ಅಂತ ಅವನ ಬಾಯಲ್ಲಿ ಕೇಳಿ, ಅದನ್ನೂ ಅರ್ಜಿಗೆ ಸೇರಿಸೋಣ ಅಂತ ನನ್ನ ಲೆಕ್ಕಾಚಾರ. “ಏನ್ ಕಷ್ಟ ಇಲ್ಲ ಕಣಮ್ಮಿ,” ಅಂದ ಪುಣ್ಯಾತ್ಮ. “ಬೆಳಗೆದ್ರೆ ಕಸದ್ ಗಾಡಿ ಹಾಡ್ ಹಾಕ್ಕಂಡು ಬತ್ತದೆ, ಅಷ್ಟೇಯ. ಯಾಕೆ, ನಿನ್ ಅಧ್ಯಕ್ಷಗಿರಿ ಓಯ್ತದಾ?” ಸಿಗ್ನಲ್ ಇಲ್ಲ ಅಂತ ಹೇಳಿ ಫೋನು ಇಟ್ಟೆ.

ಅರ್ಜಿ ಟೈಪು ಮಾಡಿಸಲು ಹೊಳೆನರಸೀಪುರಕ್ಕೆ ಹೋದೆವು. ಹಾಸನದಲ್ಲಿ ಹೆಜ್ಜೆಗೊಂದು ಕಂಪ್ಯೂಟರ್ ಅಂಗಡಿ ಇರುವಾಗ ಅಲ್ಲಿಗೆ ಯಾಕೆ ಅಂತ ಕೇಳಬೇಡಿ. ಉಪಾಧ್ಯಕ್ಷರ ಬಾಮೈದನ ಅಂಗಡಿ ಅಲ್ಲಿದೆ. ನಮ್ಮೂರಿನ ಅಷ್ಟೂ ಅರ್ಜಿಗಳು ಇರುವುದು ಆತನ ಕಂಪ್ಯೂಟರಿನಲ್ಲೇ. ನಮ್ಮಲ್ಲಿ ಯಾರೂ ಅರ್ಜಿಯನ್ನು ಹೊಸದಾಗಿ ಬರೆಯುವುದಿಲ್ಲ. ಹಳೆಯದನ್ನು ತೆಗೆದು, ತಾರೀಖು ಬದಲಾಯಿಸಿ, ವಿಷಯ ಬದಲಾಯಿಸಿ, ಅಧ್ಯಕ್ಷರ ಹೆಸರು ಬದಲಾಯಿಸಿ, ಸೀಲು ಹೊಡೆಯುತ್ತೇವೆ. ಅದಕ್ಕೆ ‘ಫಾರ್ಮೆಟ್ಟು’ ಅನ್ನುತ್ತೇವೆ.

ಬಾಮೈದ ಫಾರ್ಮೆಟ್ಟು ತೆಗೆದ. ಉಪಾಧ್ಯಕ್ಷರು ಕಣ್ಣು ಮುಚ್ಚಿಕೊಂಡು ಮೊದಲನೇ ಪುಟ ಹೇಳಿ ಬರೆಸಿದರು. ಅತ್ತೆಯ ಹಸು, ಊರಿನ ತಿಪ್ಪೆ, ಕಂದಾಯ, ಖಾತ್ರಿ ಕೆಲಸ ಎಲ್ಲವೂ ಬಂದವು. ಅಷ್ಟೊತ್ತಿಗೆ ಕರೆಂಟು ಹೋಯಿತು. ಯುಪಿಎಸ್ಸು ಕುಯ್ ಕುಯ್ ಅಂತ ಬಡಿದುಕೊಳ್ಳತೊಡಗಿತು.

“ಬೇಗ ಬೇಗ! ಎರಡನೇ ಪುಟ?” ಅಂದೆ.

“ಅದು ರೆಡಿ ಅದೆ ಕಣಕ್ಕಾ. ಕೊನೇ ಪುಟ ಎಲ್ಲಾ ಅರ್ಜಿಗೂ ಒಂದೇಯ. ತಮ್ಮಲ್ಲಿ ಪ್ರಾರ್ಥನೆ, ಕಳಕಳಿ, ತಮ್ಮ ವಿಶ್ವಾಸಿ, ಅಷ್ಟೇ,” ಅಂದ. ಅದೂ ಸರಿಯೇ ಅನ್ನಿಸಿತು.

ಕರೆಂಟು ಬಂದಮೇಲೆ ಮೂರು ಪ್ರತಿ ತೆಗೆಸಿ ಅಲ್ಲೇ ಸಹಿ ಮಾಡಿ ಸೀಲು ಹೊಡೆದೆ. ಓದಿದೆಯಾ ಅಂದರೆ, ಮೊದಲನೇ ಪುಟ ಓದಿದೆ. ಎರಡನೇ ಪುಟದಲ್ಲಿ ನನ್ನ ಹೆಸರಿನ ಕೆಳಗೆ ‘ಅಧ್ಯಕ್ಷರು’ ಅಂತ ಇದೆಯಾ ಅಂತ ಮಾತ್ರ ನೋಡಿದೆ. ಇತ್ತು. ಒಂದು ಪ್ರತಿಯನ್ನು ಹಾಸನದ ಕಚೇರಿಗೆ ಕೊಟ್ಟು ಸ್ವೀಕೃತಿ ಹಾಕಿಸಿಕೊಂಡೆವು.

ಬರೀ ಕಚೇರಿಗೆ ಕೊಟ್ಟರೆ ಸಾಲದು, ದೊಡ್ಡವರ ಕೈಗೂ ಕೊಡಬೇಕು ಅಂದರು ಉಪಾಧ್ಯಕ್ಷರು. ಚನ್ನರಾಯಪಟ್ಟಣಕ್ಕೆ ಒಬ್ಬ ದೊಡ್ಡ ನಾಯಕರು ಸಮಾರಂಭಕ್ಕೆ ಬರುವವರಿದ್ದರು. ಟೆಂಪೋ ಮಾಡಿಕೊಂಡು, ಶಾಲು, ಗಂಧದ ಹಾರ, ಮೈಸೂರು ಪೇಟ, ಕೈಗೊಂದು ನಿಂಬೆಹಣ್ಣು ತೆಗೆದುಕೊಂಡು ಹೊರಟೆವು. ನೂಕುನುಗ್ಗಲಲ್ಲಿ ಪೇಟವನ್ನು ನಾಯಕರಿಗೆ ತೊಡಿಸಲು ಹೋಗಿ ಅವರ ಪಕ್ಕದ ಪೊಲೀಸಪ್ಪನ ತಲೆಗೆ ಇಟ್ಟುಬಿಟ್ಟೆ. ಆತ ತೆಗೆಯಲೂ ಇಲ್ಲ, ಫೋಟೋ ಮುಗಿಯುವ ತನಕ ಗಂಭೀರವಾಗಿ ನಿಂತಿದ್ದ.

ನಾಯಕರ ಪಿಎ ಅರ್ಜಿಯ ಮೊದಲನೇ ಪುಟ ಹಿಂದಕ್ಕೆ ಮಡಚಿ ಕೊನೇ ಪುಟವನ್ನು ಅವರ ಮುಂದೆ ಹಿಡಿದ. ಕೊನೆಗೆ ಏನು ಕೇಳಿದ್ದಾರೆ ಅನ್ನುವುದಷ್ಟನ್ನೇ ಅವರು ಓದುವುದಂತೆ. ಓದಿದರು, ಮುಖ ಅರಳಿತು. “ಇದು ನನ್ ಮನಸಲ್ಲೂ ಇತ್ತು ಕಣಮ್ಮಾ. ಆಯ್ತು ಅಂತಲೇ ತಿಳ್ಕಳಿ. ನಿಮ್ಮಂಥ ಅಧ್ಯಕ್ಷರಿರ್ಬೇಕು ನೋಡಿ,” ಅಂದರು.

ನಮಗಾದ ಖುಷಿ ಏನು ಹೇಳಲಿ! ಪಟ್ಟಣದಲ್ಲೇ ಮೈಸೂರು ಪಾಕು ಕೊಂಡು ಟೆಂಪೋದಲ್ಲಿ ಹಂಚಿದೆವು. ಉಪಾಧ್ಯಕ್ಷರು ‘ಊರು ಉಳಿಸಿದ ಅಧ್ಯಕ್ಷೆ’ ಅಂತ ನನ್ನ ಫೋಟೋವನ್ನು ವಾಟ್ಸಾಪಿಗೆ ಹಾಕಿದರು. ಆ ರಾತ್ರಿ ಅದನ್ನು ಎಷ್ಟು ಸಲ ನೋಡಿದೆ ಅಂತ ನಿಮಗೆ ಹೇಳುವುದಿಲ್ಲ.

ಕೆಲವು ದಿನಕ್ಕೆ ಹಾಸನದಲ್ಲಿ ಆಕ್ಷೇಪಣೆಗಳ ವಿಚಾರಣೆ ಇಟ್ಟರು. ಸುತ್ತಮುತ್ತಲ ಹಳ್ಳಿಗಳ ಅಧ್ಯಕ್ಷರೆಲ್ಲ ಸೇರಿದ್ದರು. ಒಬ್ಬರು ಹಳ್ಳಿಯ ಸಂಸ್ಕೃತಿ ಅಂದರು, ಇನ್ನೊಬ್ಬರು ರೈತರ ಬದುಕು ಅಂದರು, ಮತ್ತೊಬ್ಬರು ಗೋಮಾತೆ ಅಂದರು. ಅಧಿಕಾರಿ ಸೌಮ್ಯ ಮನುಷ್ಯ, ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, “ಒಂದು ಪಂಚಾಯಿತಿ ಮಾತ್ರ ತಾನಾಗೇ ಸೇರಿಸಿಕೊಳ್ಳಿ ಅಂತ ಬರೆದುಕೊಟ್ಟಿದೆ. ಅವರಿಗೆ ಧನ್ಯವಾದ,” ಅಂದರು.

“ಅದ್ಯಾವ ಮನೆಹಾಳರ ಊರಪ್ಪಾ!” ಅಂದೆ. ಎಲ್ಲರಿಗೂ ಕೇಳುವ ಹಾಗೇ ಅಂದೆ.

ಅವರು ಓದಿದ್ದು ನಮ್ಮೂರಿನ ಹೆಸರು.

ನಾನು ಎದ್ದು ನಿಂತು ಸಾಧ್ಯವೇ ಇಲ್ಲ ಅಂದೆ. ಅವರು ತಾಳ್ಮೆಯಿಂದ ಅರ್ಜಿಯನ್ನು ಗಟ್ಟಿಯಾಗಿ ಓದಿದರು. ಸೇರಿಸಿದರೆ ಬಡವರಿಗೆ ಖಾತ್ರಿ ಕೆಲಸ ಸಿಗುವುದಿಲ್ಲ, ವೃದ್ಧೆಯೊಬ್ಬರು ಹಸು ಕಟ್ಟಲು ಆಗುವುದಿಲ್ಲ, ತಿಪ್ಪೆಗೆ ಜಾಗ ಇರುವುದಿಲ್ಲ, “ಆದ ಕಾರಣ ನಮ್ಮ ಗ್ರಾಮವನ್ನು ಕೂಡಲೇ ಹಾಸನ ನಗರಕ್ಕೆ ಸೇರಿಸಿಕೊಡಬೇಕೆಂದು ತಮ್ಮಲ್ಲಿ ಕಳಕಳಿಯಿಂದ ಪ್ರಾರ್ಥಿಸುತ್ತೇವೆ.” ಫಾರ್ಮೆಟ್ಟಿನ ಹಳೇ ಕೊನೇ ಪುಟ ಹಾಗೇ ಉಳಿದುಕೊಂಡಿತ್ತು. ಕೆಳಗೆ ನನ್ನ ಸಹಿ, ನನ್ನ ಸೀಲು.

ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಉಪಾಧ್ಯಕ್ಷರು ಬಗ್ಗಿ ಬೆಂಚಿನ ಕೆಳಗೆ ಏನೋ ಹುಡುಕುತ್ತಿದ್ದರು.

“ಟೈಪಿಂಗ್ ತಪ್ಪು ಆಗಿರಬಹುದು, ಪರವಾಗಿಲ್ಲ. ಈಗ ಬಾಯಲ್ಲೇ ಹೇಳಿ, ಬರ್ಕೋತೀನಿ. ಬೇಕೋ ಬೇಡವೋ?” ಅಂದರು ಅಧಿಕಾರಿ.

“ಬೇಡ ಸಾ.”

“ಯಾಕೆ? ನಿಮ್ಮೂರಿನ ಹಳೇ ಅರ್ಜಿಗಳೆಲ್ಲ ಈ ಫೈಲಲ್ಲಿವೆ. ಇಷ್ಟು ವರ್ಷ ಬೇಕು ಬೇಕು ಅಂದಿದ್ದೀರಿ.”

“ಹಸ ಸಾ...”

“ಹಸು ಆಗಲೂ ಇತ್ತಲ್ಲಮ್ಮ.”

“ತಿಪ್ಪೆ...”

“ಅದೂ ಇತ್ತು. ಈಗ ಏನು ಬದಲಾಯ್ತು ಹೇಳಿ.”

ಒಂದು ಸುಳ್ಳಾದರೂ ಹೊಳೆಯಬಾರದಾ? ಹೊಳೆಯಲಿಲ್ಲ.

“ಆಗ ನಾನು ಅಧ್ಯಕ್ಷೆ ಆಗಿರ್ಲಿಲ್ಲ ಸಾ,” ಅಂದೆ. “ಈಗ ಆಗಿದೀನಿ. ಈಗ ಜನ ನನ್ನ ಅಧ್ಯಕ್ಷರೇ ಅಂತ ಕರೀತಾರೆ. ಸೇರಿಸಿಬಿಟ್ರೆ ಕರೆಯಲ್ಲ.”

ಮತ್ತೆ ನಗು ಎದ್ದಿತು, ಆದರೆ ಹಿಂದಿನ ಬೆಂಚುಗಳಲ್ಲಿ ಮಾತ್ರ. ಮುಂದಿನ ಸಾಲಿನ ಅಧ್ಯಕ್ಷರುಗಳೆಲ್ಲ ತಮ್ಮ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಅಧಿಕಾರಿ ನಗಲಿಲ್ಲ. “ಇದನ್ನ ಹಾಗೇ ಬರ್ಕೊಳ್ಳಲಾ?” ಅಂತ ಕೇಳಿದರು. ಬರ್ಕೊಳಿ ಅಂದೆ. ಬರೆದು ನನ್ನ ಕಡೆ ತಿರುಗಿಸಿದರು, ಸಹಿ ಹಾಕಿದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಉಪಾಧ್ಯಕ್ಷರು ನನ್ನ ಟಿಕೆಟ್ಟನ್ನೂ ತಾವೇ ತೆಗೆಸಿದರು. ಊರು ಹತ್ತಿರ ಬಂದಾಗ, “ನಂದೂ ಅದೇ ಕಣಕ್ಕಾ. ಹಸನ ಸುಮ್ನೆ ಮಧ್ಯಕ್ಕೆ ಎಳ್ಕಂಡು ಬಂದೆ,” ಅಂದರು. ಅರ್ಜಿಯ ವಿಷಯಕ್ಕೆ ಆ ಮನುಷ್ಯನ ಮೇಲೆ ಬಂದಿದ್ದ ಸಿಟ್ಟೆಲ್ಲ ಇಳಿದುಹೋಯಿತು.

ಕೊನೇ ಆದೇಶ ಬಂತು. ಆಕ್ಷೇಪಣೆಗಳನ್ನು ಪರಿಶೀಲಿಸಿ ತಿರಸ್ಕರಿಸಲಾಗಿದೆ ಅಂತ ಒಂದೇ ಸಾಲು. ಸುಳ್ಳು ಹೇಳಿದವರದ್ದೂ ನಿಜ ಹೇಳಿದವಳದ್ದೂ ಅದೇ ಸಾಲಿನಲ್ಲಿತ್ತು.

ಪಂಚಾಯಿತಿಯನ್ನು ಸಂಜೆ ಐದು ಗಂಟೆಗೆ ಪಾಲಿಕೆಗೆ ಒಪ್ಪಿಸಬೇಕಿತ್ತು. ಆ ದಿನ ನಾನು ಹೊಸ ಸೀರೆ ಉಟ್ಟುಕೊಂಡು ಹೋದೆ. ಯಾಕೆ ಅಂತ ಗಂಡ ಕೇಳಿದರು, ಸುಮ್ಮನೆ ಅಂದೆ. ಹಾಸನದಿಂದ ಒಬ್ಬ ನೌಕರ ಬಂದು ಮೇಜು, ಬೀರು, ಫ್ಯಾನು ಎಲ್ಲಕ್ಕೂ ಮಾರ್ಕರಿನಲ್ಲಿ ಪಾಲಿಕೆಯ ನಂಬರು ಬರೆಯುತ್ತಾ ಪಟ್ಟಿ ಮಾಡುತ್ತಿದ್ದ. ನನ್ನ ಹತ್ತಿರ ಬಂದು ತಲೆ ಕೆರೆದುಕೊಂಡ.

“ಅಮ್ಮಾ, ಸ್ವಲ್ಪ ಏಳ್ತೀರಾ? ಕುರ್ಚಿಗೂ ನಂಬರ್ ಹಾಕ್ಬೇಕು.”

ಎದ್ದು ಗೋಡೆ ಪಕ್ಕ ನಿಂತೆ. ಆತ ಕುರ್ಚಿಯನ್ನು ಬೋರಲು ಹಾಕಿ, ಅಡಿಯಲ್ಲಿ ನಂಬರು ಬರೆದು, ಊಫ್ ಅಂತ ಊದಿ ಒಣಗಿಸಿ, ಮತ್ತೆ ನೆಟ್ಟಗೆ ನಿಲ್ಲಿಸಿದ.

“ಆಯ್ತು. ಕೂತ್ಕಳಿ,” ಅಂದ.

ಬೇರೆಯವರ ಕುರ್ಚಿಯಲ್ಲಿ ಹೇಗಪ್ಪಾ ಕೂರುವುದು ಅನ್ನಿಸಿತು. ಗೋಡೆಯ ಗಡಿಯಾರ ನೋಡಿದೆ. ಐದು ಗಂಟೆಗೆ ಇನ್ನೂ ನಲವತ್ತು ನಿಮಿಷ ಇತ್ತು. ಕೂತೆ.