ಮೇಷ್ಟ್ರು ತಟ್ಟುತ್ತಿದ್ದ ಚಿಪ್ಪು

ಮೊದಲು ಗಂಟಲು ಕಟ್ಟಿತು. ಅಷ್ಟೇ.

ನಮ್ಮ ಯಜಮಾನರು ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಹುಡುಗಿಯರ ಖೋಖೋ ಟೀಮು ಕಟ್ಟಿ, ದಿನವೂ ಸಂಜೆ ಗ್ರೌಂಡಿನಲ್ಲಿ ನಿಂತು ಕೂಗುವುದೇ ಅವರ ಕೆಲಸ. ತಾಲ್ಲೂಕು ಕ್ರೀಡಾಕೂಟ ಹತ್ತಿರ ಬಂತೆಂದರೆ ಪ್ರತಿ ವರ್ಷವೂ ಗಂಟಲು ಕಟ್ಟುತ್ತಿತ್ತು, ಪಂದ್ಯ ಮುಗಿದು ಹತ್ತು ದಿನಕ್ಕೆ ಬಿಡುತ್ತಿತ್ತು. ಮೇಷ್ಟ್ರ ಗಂಟಲು ಕಟ್ಟಿದೆ ಅಂದರೆ ಈ ಸಲ ಟೀಮು ಗಟ್ಟಿಯಾಗಿದೆ ಅಂತ ಊರಿಗೆ ಊರೇ ಖುಷಿಪಡುತ್ತಿತ್ತು. ನಾನೂ ಪಟ್ಟೆ. ಮೆಣಸಿನ ಕಷಾಯ ಕಾಯಿಸಿದೆ, ಕಲ್ಲುಸಕ್ಕರೆ ಕೊಟ್ಟೆ. "ಇನ್ನೊಂಚೂರು ಕೂಗ್ರೀ, ಪೂರ್ತಿ ಹೋಗ್ಲಿ" ಅಂತ ಹಂಗಿಸಿದ್ದೂ ಉಂಟು. ಹಾಳು ನಾಲಿಗೆ.

ದಸರಾ ರಜೆ ಬಂತು. ಧ್ವನಿ ಬರಲಿಲ್ಲ. ದೀಪಾವಳಿ ಕಳೆಯಿತು. ಅನ್ನ ನುಂಗುವಾಗ ಮುಖ ಕಿವುಚತೊಡಗಿದರು. ತಿಪಟೂರಿನ ಡಾಕ್ಟರು ಬಾಯಿಗೆ ಟಾರ್ಚು ಬಿಟ್ಟು ನೋಡಿದವರೇ ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು. ರೈಲಿನಲ್ಲಿ ಹೋದೆವು. ಬಯಾಪ್ಸಿ ಮಾಡಿದರು. ವಾರ ಬಿಟ್ಟು ಬನ್ನಿ ಅಂದರು.

ಕ್ಯಾನ್ಸರ್.

"ಎಷ್ಟು ತಿಂಗಳಿಂದ ಹೀಗಿದೆ?" ಅಂತ ಅಲ್ಲಿನ ಡಾಕ್ಟರು ನನ್ನನ್ನೇ ಕೇಳಿದರು. ನಾಲ್ಕು ಅಂದೆ. "ಇಷ್ಟು ದಿನ ಯಾಕಮ್ಮ ಸುಮ್ನಿದ್ರಿ?" ಏನು ಹೇಳಲಿ? ಖೋಖೋ ಸೀಸನ್ನು ಅಂದುಕೊಂಡಿದ್ದೆವು ಅನ್ನಲೇ?

ಆಪರೇಷನ್ ಮಾಡಿದರೆ ಉಳಿಯಬಹುದು. ಆದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. ಆಮೇಲೆ ಮಾತಿಲ್ಲ, ಉಸಿರಾಟ ಕುತ್ತಿಗೆಯಲ್ಲಿ ಮಾಡುವ ತೂತಿನಿಂದ. ಇವರು ಬೇಡ ಅಂದುಬಿಟ್ಟರು. ಆಸ್ಪತ್ರೆಯ ಹೊರಗೆ ಕಲ್ಲುಬೆಂಚಿನ ಮೇಲೆ ಕೂತು, ಉಳಿದಿದ್ದ ಅರೆಧ್ವನಿಯಲ್ಲಿ, "ಮಾತಿಲ್ದೆ ಗ್ರೌಂಡಿಗೆ ಹೋಗಿ ಏನ್ಮಾಡ್ಲಿ ಕಣೇ? ಬದುಕಿ ಏನ್ಮಾಡ್ಲಿ?" ಅಂದರು.

ನನಗೆ ಎಲ್ಲಿತ್ತೋ ಸಿಟ್ಟು. "ನಿಮಗೆ ಗ್ರೌಂಡು ಬೇಕು. ನಂಗೆ ನೀವು ಬೇಕು. ಮಾತು ಹೋದ್ರೆ ಹೋಯ್ತು ಬುಡಿ, ಮನೆಗೆ ಬನ್ನಿ" ಅಂತ ಬೀದಿಯಲ್ಲೇ ಜೋರು ಮಾಡಿದೆ. ಹೋಗುವವರು ನಿಂತು ನೋಡಿದರು. ನೋಡಲಿ, ನನಗೇನು. ಸಂಜೆ ಹೊತ್ತಿಗೆ ಇವರು ಕಾಗದಕ್ಕೆ ರುಜು ಹಾಕಿದರು.

ಆಮೇಲಿನ ಎರಡು ತಿಂಗಳು ನನಗೆ ದಿನಗಳಾಗಿ ನೆನಪಿಲ್ಲ. ಬಿಳಿ ಪರದೆ, ಫಿನಾಯಿಲ್ ವಾಸನೆ, ಮೂಗಿನ ಟ್ಯೂಬಿನಲ್ಲಿ ಇಳಿಯುವ ಗಂಜಿ, ಗಂಟಲಿಗೆ ರೇಡಿಯೇಷನ್ ಕರೆಂಟ್ ಕೊಡುವ ಕೋಣೆಯ ಮುಂದಿನ ಉದ್ದ ಬೆಂಚು. ಆ ಬೆಂಚಿನಲ್ಲಿ ಕಣ್ಣು ಮುಚ್ಚಿದರೆ ಸಾಕು, ನಾನು ನಮ್ಮ ತೋಟದಲ್ಲಿರುತ್ತಿದ್ದೆ. ಗರಿಗಳ ಸಂದಿಯಿಂದ ಸಂಜೆ ಬಿಸಿಲು ಬೀಳುತ್ತಿತ್ತು, ಆಚೆ ಗ್ರೌಂಡಿನಿಂದ ಇವರ ಕೂಗು ತೋಟ ದಾಟಿ ತೇಲಿ ಬರುತ್ತಿತ್ತು: "ರತ್ನಾ, ಏಳೇ! ಖೋ ಬಿತ್ತು ಕಣೇ!" ಮದುವೆಯಾಗಿ ಬಂದ ಹೊಸದರಲ್ಲಿ ಇವರು ಹುಡುಗಿಯರನ್ನು ಹಾಗೆ ಕೂಗುವುದಕ್ಕೆ ನಾಚಿಕೆಪಟ್ಟಿದ್ದೆ. ಬರಬರುತ್ತ ಅದೇ ನನ್ನ ಗಡಿಯಾರವಾಯಿತು. ಕೊನೆಯ ವಿಷಲ್ ಕೇಳಿಸಿದರೆ ಕಾಫಿಗೆ ನೀರಿಡುವುದು. ಬೆಂಚಿನಲ್ಲಿ ಎಚ್ಚರವಾದಾಗ ಇವರು ಪಕ್ಕದಲ್ಲಿ ಕುತ್ತಿಗೆಗೆ ಬಟ್ಟೆ ಕಟ್ಟಿಕೊಂಡು ಸುಮ್ಮನೆ ಕೂತಿರುತ್ತಿದ್ದರು.

ಆ ಟೀಮನ್ನು ಇವರು ಸುಮ್ಮನೆ ಕಟ್ಟಿದ್ದಲ್ಲ. ದೊಡ್ಡ ಹುಡುಗಿಯರು ಲಂಗ ಎತ್ತಿ ಕಟ್ಟಿ ಓಡುವುದೇ ಅಂತ ಮನೆಯವರು ಬಿಡುತ್ತಿರಲಿಲ್ಲ. ಇವರು ತೋಟಕ್ಕೇ ಹೋಗುತ್ತಿದ್ದರು. ಕಾಯಿ ಸುಲಿಯುತ್ತಿದ್ದ ಅಪ್ಪಂದಿರ ಎದುರು ಕುಕ್ಕರುಗಾಲಲ್ಲಿ ಕೂತು, "ನಿನ್ ಮಗ್ಳು ಓಡ್ತಾಳೆ ಕಣಪ್ಪ, ತಡೀಬ್ಯಾಡ. ಕತ್ಲಾಗೋಕ್ ಮುಂಚೆ ನಾನೇ ಮನೆಗೆ ಬಿಟ್ಟು ಬತ್ತೀನಿ" ಅನ್ನುತ್ತಿದ್ದರು. ಹೇಳಿದಂತೆ ಬಿಟ್ಟು ಬರುತ್ತಿದ್ದರು ಕೂಡ. ಆಟದ ಚಡ್ಡಿಗಳನ್ನು ಹೊಲಿದವಳು ನಾನು, ಇವರ ಹಳೆಯ ಪಂಚೆಗಳಿಗೆ ನೀಲಿ ಬಣ್ಣ ಹಾಕಿ. ಅದೇ ಪಂಚೆಗಳಲ್ಲಿ ಉಳಿದದ್ದು ಈಗ ಕುತ್ತಿಗೆಯ ತೂತು ಮುಚ್ಚುವ ಬಟ್ಟೆಯಾಯಿತು.

ಮನೆಗೆ ಬಂದ ಮರುದಿನ ಬೆಳಿಗ್ಗೆ ಇವರು ಗೂಟದಲ್ಲಿದ್ದ ವಿಷಲನ್ನು ತೆಗೆದು ಬಾಯಿಗಿಟ್ಟರು. ಕೆನ್ನೆ ಉಬ್ಬಿತು. ಉಸಿರು ಕುತ್ತಿಗೆಯಿಂದ ಹೋಯಿತು.

ವಿಷಲ್ ಸದ್ದು ಮಾಡಲಿಲ್ಲ.

ಮತ್ತೆ ಅದನ್ನು ಮುಟ್ಟಲಿಲ್ಲ. ಹುಡುಗಿಯರು ನೋಡಲು ಬಂದರೆ ಮುಸುಕು ಹಾಕಿಕೊಂಡು ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಕುತ್ತಿಗೆಯ ಟ್ಯೂಬು ತೊಳೆಯುವುದು, ಕಫ ಒರೆಸುವುದು, ಬಟ್ಟೆ ಕುದಿಸುವುದು, ಇದರಲ್ಲೇ ನನ್ನ ದಿನ ಹೋಗುತ್ತಿತ್ತು. ಕಾಫಿ ಯಾವಾಗಲೋ ಆಗುತ್ತಿತ್ತು, ಯಾವಾಗಲೋ ಆರುತ್ತಿತ್ತು. ಅಟ್ಟ ಹತ್ತಿ ಕಾಯಿ ಕೊಬ್ಬರಿ ಆಯಿತೋ ಇಲ್ಲವೋ ಅಂತ ಒಂದೊಂದನ್ನೇ ಕಿವಿಯ ಹತ್ತಿರ ಅಲುಗಾಡಿಸಿ ನೋಡುವಾಗ, ಒಳಗಿನ ಕೊಬ್ಬರಿ ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡು ಗಡಗಡ ಅನ್ನುತ್ತಿತ್ತು. ಕೆಳಗೆ ಮಲಗಿರುವ ಇವರೊಳಗೂ ಮಾತೆಲ್ಲ ಹೀಗೇ ಬಿಟ್ಟುಕೊಂಡು ಉರುಳುತ್ತಿರಬೇಕು ಅನ್ನಿಸುತ್ತಿತ್ತು. ಬೇಡವೆಂದವರನ್ನು ಹಟ ಮಾಡಿ ಉಳಿಸಿಕೊಂಡು ತಪ್ಪು ಮಾಡಿದೆನೇನೋ ಅಂತ ಅಟ್ಟದ ಹೊಗೆಯಲ್ಲಿ ಕೂತು ಅತ್ತಿದ್ದೇನೆ.

ಒಂದು ದಿನ ಅಡಿಗೆಮನೆಯಲ್ಲಿ ಬೆನ್ನು ಹಾಕಿ ಕೂತು ಕಾಯಿ ತುರಿಯುತ್ತಿದ್ದೆ. ಹಿಂದಿನಿಂದ ಟಕ್ ಅಂತ ಸದ್ದು. ಹೌಹಾರಿ ತಿರುಗಿದೆ. ತುರಿದಿಟ್ಟ ಎರಡು ಚಿಪ್ಪನ್ನು ಕೈಯಲ್ಲಿ ಹಿಡಿದು ಇವರು ನಿಂತಿದ್ದರು. ಪಾಪ, ನೀರು ಬೇಕಿತ್ತು.

"ಅಯ್ಯೋ ನಿಮ್ಮ! ನನ್ ಎದೆ ಒಡೆದುಹೋಯ್ತಲ್ರೀ!"

ಇವರು ನಕ್ಕರು. ಸದ್ದಿಲ್ಲ, ಭುಜ ಮಾತ್ರ ಕುಲುಕಿತು. ಆಪರೇಷನ್ ಆದಮೇಲೆ ಅದೇ ಮೊದಲ ನಗು. ನೀರನ್ನೂ ಕುಡಿಯದೆ ಜಗಲಿಗೆ ಹೋಗಿ ಮತ್ತೊಮ್ಮೆ ತಟ್ಟಿದರು. ಸದ್ದು ತೋಟದ ಆ ತುದಿಯವರೆಗೂ ಹೋಯಿತು. ಇವರು ನನ್ನ ಮುಖ ನೋಡಿದರು. ನಾನು ಇವರ ಮುಖ ನೋಡಿದೆ.

ಅಂದೆಲ್ಲ ಕೂತು ಗಾಜಿನ ಚೂರಿನಿಂದ ಚಿಪ್ಪಿನ ನಾರು ಹೆರೆದು ನುಣ್ಣಗೆ ಮಾಡಿದರು. ಮಾರನೆಯ ಸಂಜೆ ಗ್ರೌಂಡಿಗೆ ಹೋದರು. ಒಂದು ತಟ್ಟಿದರೆ ಓಡು, ಮೂರು ತಟ್ಟಿದರೆ ಬಂದು ಸಾಲಾಗಿ ನಿಲ್ಲು. ನನಗೆ ಮತ್ತೆ ಗಡಿಯಾರ ಸಿಕ್ಕಿತು. ಆ ವರ್ಷ ಮಾಯಸಂದ್ರದಲ್ಲಿ ಪಂದ್ಯ. "ಇದೇನ್ರೀ ಮೇಷ್ಟ್ರೇ, ಭಜನೆನಾ?" ಅಂತ ಬೇರೆ ಸ್ಕೂಲಿನವರು ನಕ್ಕರಂತೆ. ಫೈನಲ್ಲಿನಲ್ಲಿ ಒಂದು ಪಾಯಿಂಟಿನಿಂದ ಸೋತು ಬಂದರು. "ಗಂಟ್ಲು ಕಟ್ಟಿಲ್ವಲ್ಲ, ಇನ್ನೆಲ್ಲಿ ಗೆಲ್ತೀರ" ಅಂದೆ. ಚಿಪ್ಪೆತ್ತಿ ನನ್ನ ತಲೆಗೆ ಕುಟ್ಟುವ ಹಾಗೆ ಮಾಡಿ ನಕ್ಕರು.

ಹೀಗೆ ಎರಡು ವರ್ಷ. ಆಮೇಲೆ ಕೆಮ್ಮು. ಶ್ವಾಸಕೋಶಕ್ಕೂ ಬಂದಿದೆ, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಅಂದರು ಡಾಕ್ಟರು. ಕೊನೆಕೊನೆಗೆ ಹಾಸಿಗೆಯಲ್ಲಿ ಚಿಪ್ಪು ಪಕ್ಕದಲ್ಲೇ ಇಟ್ಟುಕೊಂಡಿರುತ್ತಿದ್ದರು. ನಾನು ಮಗ್ಗುಲಲ್ಲೇ ಕೂತಿದ್ದರೂ ಮೆಲ್ಲಗೆ ತಟ್ಟುವರು. "ಇಲ್ಲೇ ಇದ್ದೀನಲ್ರೀ" ಅನ್ನುವೆ. ಕಣ್ಣು ಮುಚ್ಚುವರು.

ಒಂದು ಬೆಳಿಗ್ಗೆ ತಟ್ಟಲಿಲ್ಲ.

ಹೋದ ವಾರ ತಿಥಿ ಮುಗಿಯಿತು. ನೆಂಟರೆಲ್ಲ ಹೋದಮೇಲೆ ನೋಡಿದರೆ ಕಿಟಕಿಯಲ್ಲಿಟ್ಟಿದ್ದ ಚಿಪ್ಪಿಲ್ಲ. ಮನೆ ಗುಡಿಸಿದ ನಾದಿನಿ, ತಿಥಿ ಅಡಿಗೆಗೆ ಒಡೆದ ಚಿಪ್ಪುಗಳ ಜೊತೆ ಅದನ್ನೂ ಹಂಡೆ ಒಲೆಯ ರಾಶಿಗೆ ಹಾಕಿದ್ದಾಳೆ. ಅವಳಿಗೇನು ಗೊತ್ತು? ನಮ್ಮ ಕಡೆ ಚಿಪ್ಪೆಂದರೆ ನೀರು ಕಾಯಿಸುವುದಕ್ಕೆ. ಒಲೆಯಲ್ಲಿ ಆಗಲೇ ಬೆಂಕಿ ಉರಿಯುತ್ತಿತ್ತು. ರಾಶಿಯ ಮುಂದೆ ಕುಸಿದು ಕೂತೆ. ನುಣ್ಣಗಿರುವುದನ್ನೆಲ್ಲ ಆರಿಸಿ, ಜೊತೆ ಜೊತೆಯಾಗಿ ತಟ್ಟಿ ನೋಡತೊಡಗಿದೆ. ಮೊಂಡು ಸದ್ದು. ಮತ್ತೂ ಮೊಂಡು. ಕೈಯೆಲ್ಲ ಮಸಿ, ಕಣ್ಣಲ್ಲಿ ನೀರು. ಕೊನೆಗೆ ಅಡಿಯಲ್ಲಿದ್ದ ಜೊತೆಯೊಂದು ಕೈಗೆ ಬಂತು. ಟಕ್. ಇದೇ! ನಂಬಿಕೆಯಾಗದೆ ಇನ್ನೊಮ್ಮೆ ತಟ್ಟಿದೆ. ಮತ್ತೊಮ್ಮೆ ತಟ್ಟಿದೆ.

ಸ್ಕೂಲು ಬಿಟ್ಟ ಹೊತ್ತು. ಬೇಲಿಯಾಚೆ ಹೆಜ್ಜೆಗಳ ಸದ್ದು ನಿಂತಿತು. ಕಣ್ಣೊರೆಸಿಕೊಂಡು ಮುಂಬಾಗಿಲಿಗೆ ಬಂದರೆ, ಟೀಮಿನ ಒಂಬತ್ತೂ ಹುಡುಗಿಯರು ಪುಸ್ತಕದ ಚೀಲ ನೇತುಹಾಕಿಕೊಂಡು ಅಂಗಳದಲ್ಲಿ ಸಾಲಾಗಿ ನಿಂತಿದ್ದರು. ಮುಂದೆ ರತ್ನ. ಮೇಷ್ಟ್ರು ಹೋದಾಗಿನಿಂದ ಈ ಹುಡುಗಿಯರು ಗ್ರೌಂಡಿಗೆ ಕಾಲಿಟ್ಟಿರಲಿಲ್ಲ.

"ಮೂರು ತಟ್ಟಿದ್ರಲ್ಲಮ್ಮ" ಅಂದಳು ರತ್ನ.

ನಾಲ್ಕು ತಿಂಗಳು ನಾನು ಕಳೆದೆ. ಎರಡು ವರ್ಷ ದೇವರು ಕೊಟ್ಟ. ಅಷ್ಟಕ್ಕೇ ಸಮಾಧಾನ ಮಾಡಿಕೊಳ್ಳಬೇಕು ಅಂತ ದಿನಾ ಅಂದುಕೊಳ್ಳುತ್ತೇನೆ. ಆ ಗಳಿಗೆಯಲ್ಲಿ ಅದೇನೂ ಹೊಳೆಯಲಿಲ್ಲ. ಒಂಬತ್ತು ಜನವೂ ನನ್ನ ಕೈಯನ್ನೇ ನೋಡುತ್ತಿದ್ದರು.

ಒಂದು ತಟ್ಟಿದೆ.

ಓಡಿದರು. ಚೀಲಗಳನ್ನು ನಮ್ಮ ಜಗಲಿಗೆ ಎಸೆದು, ತೋಟದ ದಾರಿ ಹಿಡಿದು, ಗ್ರೌಂಡಿನ ಕಡೆಗೆ. ಕಾಫಿಗೆ ನೀರಿಡುವ ಹೊತ್ತು ಇನ್ನೂ ಆಗಿರಲಿಲ್ಲ. ಕೊನೆಗೆ ಆಟ ನಿಲ್ಲಿಸುವುದಕ್ಕೆ ಯಾರಾದರೂ ತಟ್ಟಬೇಕಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಾನೂ ಹೊರಟೆ.