ಪಾಲಹಳ್ಳಿ ನಿಂಗರಾಜುವಿನ ಚೀಟಿ

ಗಾಳಿ, ಶಕುನ, ಪವಾಡ ಅಂತ ಯಾರಾದರೂ ಮಾತು ಶುರು ಮಾಡಿದರೆ ಎದ್ದು ಹೋಗುವ ಜಾತಿಯವನು ನಾನು. ‘ಮಾಡಲು ಕೆಲಸವಿಲ್ಲದವರ ಹರಟೆ’ ಎಂದು ಮುಖಕ್ಕೇ ಹೇಳಿ ಬೈಸಿಕೊಂಡದ್ದೂ ಉಂಟು. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಲಿ. ಇದರಲ್ಲಿ ದೆವ್ವ ಇಲ್ಲ, ಸತ್ತವರೂ ಇಲ್ಲ. ಒಂದು ಚೀಟಿ ಇದೆ, ನಾನಾಡಿದ ಒಂದು ಕೆಟ್ಟ ಮಾತಿದೆ.

ತೊಂಬತ್ತರ ದಶಕದ ನಡುವಿನ ಸಂಗತಿ. ನಾನಾಗ ಕೆ.ಆರ್.ಎಸ್.ನಲ್ಲಿದ್ದೆ. ಗೆಳೆಯ ಪುಟ್ಟರಾಜು ಅಲ್ಲೇ ಸಣ್ಣ ಹೋಟೆಲು ಇಟ್ಟಿದ್ದ. ಇನ್ನೊಬ್ಬ ಗೆಳೆಯ ನಿಂಗರಾಜುವಿನದು ಪಾಲಹಳ್ಳಿಯಲ್ಲಿ ಹಿಟ್ಟಿನ ಗಿರಣಿ. ನಮ್ಮ ಮೂವರನ್ನೂ ಗಂಟು ಹಾಕಿದ್ದು ತತ್ವಪದ ಹಾಡುವ ಒಬ್ಬ ಗಾಯಕರು. ಹೆಸರು ಬೇಡ. ಅವರ ಒಂದು ಕ್ಯಾಸೆಟ್ಟನ್ನು ಟೇಪು ಸವೆಯುವವರೆಗೂ ಕೇಳಿದ್ದೆವು. ಯಾವುದೋ ಊರಲ್ಲಿ ಜನರ ಮುಂದೆ ಹಾಡುವಾಗಲೇ ರೆಕಾರ್ಡು ಮಾಡಿದ್ದು ಅದು. ಒಂದು ಪದದ ನಡುವೆ ಪಾಪ, ಅವರಿಗೆ ಕೆಮ್ಮು ಬಂದು, ಅದೂ ಹಾಗೆಯೇ ಉಳಿದುಕೊಂಡಿತ್ತು. ನಿಂಗರಾಜು ಅದಕ್ಕೆ ‘ಕೆಮ್ಮಿನ ಪದ’ ಎಂದು ಹೆಸರಿಟ್ಟ. ಈ ಹೆಸರು ನಮ್ಮ ಮೂವರನ್ನು ಬಿಟ್ಟರೆ ನಾಲ್ಕನೆಯವರಿಗೆ ಗೊತ್ತಿರಲಿಲ್ಲ.

ಗಿರಣಿಯ ಸದ್ದಿನಲ್ಲೇ ಬೆಳೆದ ನಿಂಗರಾಜುವಿಗೆ ಕಿವಿ ಹೋಗುತ್ತಿತ್ತು. ಎಡಗಿವಿ ಪೂರ್ತಿ ಮುಚ್ಚಿಹೋಗಿತ್ತು. ಬಲಗಿವಿಯೂ ಹೆಚ್ಚು ದಿನ ಬಾಳುವುದಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. “ಇದೂ ಮುಚ್ಕಳಕ್ ಮುಂಚೆ ಒಂದ್ಸಲ ಅವ್ರ ಎದುರ್ಗೆ ಕುಂತು ಕೇಳ್ಬುಡ್ಬೇಕು ಕಣ್ರುಲಾ” ಎನ್ನುತ್ತಿದ್ದ. ಅವನ ಬಾಯಲ್ಲಿ ಬೇರೆ ಆಸೆಯನ್ನು ನಾನು ಕೇಳಿಲ್ಲ.

ಆ ವರ್ಷ ಗಣೇಶನ ಹಬ್ಬದ ಸಮಯದಲ್ಲಿ ನಾಗಮಂಗಲದಲ್ಲಿ ಅವರ ಕಾರ್ಯಕ್ರಮ ಇಟ್ಟಿದ್ದರು. ಭಾನುವಾರ ಸಂಜೆ ಐದಕ್ಕೆ. ಪುಟ್ಟರಾಜುವಿನ ಹಳೇ ಕಾರಿನಲ್ಲಿ ಹೋಗುವುದೆಂದಾಯಿತು. ಮೂರು ಗಂಟೆಗೆ ಬಸ್ ಸ್ಟಾಪಿನಲ್ಲಿ ಇರು, ಬಂದು ಹತ್ತಿಸಿಕೊಳ್ಳುತ್ತೇವೆ ಎಂದು ನಿಂಗರಾಜುವಿಗೆ ನಾನೇ ಹೇಳಿ ಬಂದಿದ್ದೆ. ಹೊರಡುವ ಹೊತ್ತಿಗೆ ನೋಡಿದರೆ ಪುಟ್ಟರಾಜುವಿನ ಬಾವ ತನ್ನ ಇಬ್ಬರು ಸ್ನೇಹಿತರನ್ನು ಕಟ್ಟಿಕೊಂಡು ಬಂದು ಹಿಂದಿನ ಸೀಟು ತುಂಬಿಸಿಬಿಟ್ಟಿದ್ದ. ಬಾವನಿಗೆ ಇಳಿ ಅನ್ನಲಾಗುತ್ತದೆಯೇ? ಪುಟ್ಟರಾಜು ನನ್ನ ಮುಖ ನೋಡಿ, “ನಿಂಗನ್ನ ಏನ್ಲಾ ಮಾಡದು?” ಎಂದ.

ನಾನು ಹೇಳಿದ್ದನ್ನು ಇದ್ದ ಹಾಗೆಯೇ ಬರೆಯುತ್ತೇನೆ. “ಅವನ್ಗೆಂಗೂ ನೆಟ್ಗೆ ಕೇಳ್ಸಕಿಲ್ಲ. ನಡಿ ಅತ್ಲಾಗೆ.”

ಕಾರಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಎಲುಬಿಲ್ಲದ ನಾಲಿಗೆ ಎಂದು ಸುಮ್ಮನೆ ಹೇಳುತ್ತಾರೆಯೇ! ಪಾಲಹಳ್ಳಿ ಕಡೆಗೆ ತಿರುಗದೆ ನೇರ ಪಾಂಡವಪುರದ ದಾರಿ ಹಿಡಿದೆವು.

ನಾಗಮಂಗಲದಲ್ಲಿ ಶಾಮಿಯಾನದ ತುಂಬ ಜನ. ನಾವು ನಡುವೆ ಎಲ್ಲೋ ಜಮಖಾನೆಯ ಮೇಲೆ ಕೂತೆವು. ಒಂದು ಗಂಟೆ ಹಾಡಿದ ಮೇಲೆ ಚೀಟಿಗಳು ಹೋಗತೊಡಗಿದವು. ತಮಗೆ ಬೇಕಾದ ಪದವನ್ನು ಬರೆದು ಜನ ಕೈಯಿಂದ ಕೈಗೆ ಮುಂದಕ್ಕೆ ದಾಟಿಸುತ್ತಿದ್ದರು, ಗಾಯಕರು ಓದಿ ಹಾಡುತ್ತಿದ್ದರು. ನಾಲ್ಕೈದು ಆದ ಮೇಲೆ ಒಂದು ಚೀಟಿ ಬಿಡಿಸಿ ಜೋರಾಗಿ ನಕ್ಕರು.

“ಇದ್ಯಾರೋ ಕೆಮ್ಮಿನ ಪದ ಹಾಡಿ ಅಂತ ಬರ್ದವ್ರಲ್ಲಪ್ಪಾ! ಅದ್ಯಾವುದು ಅಂತ ನಂಗೊತ್ತಾಯ್ತು ಬುಡಿ. ಪಾಲಹಳ್ಳಿ ನಿಂಗರಾಜು ಅಂತೆ. ಎಲ್ಲವ್ರೆ? ಕೈ ಎತ್ತಿ ಸ್ವಾಮಿ.”

ಬಸ್ಸು ಹಿಡಿದು ಬಂದೇಬಿಟ್ಟಿದ್ದಾನೆ ಎಂದುಕೊಂಡೆ. ಸಂತೋಷವಾಗಬೇಕಿತ್ತಲ್ಲವೇ? ನನಗಾದದ್ದು ಭಯ. ಮುಂದೆ ಕೂತವನ ಬೆನ್ನ ಹಿಂದೆ ಮುಖ ಮರೆಸಿಕೊಂಡೆ. ಯಾರೂ ಕೈ ಎತ್ತಲಿಲ್ಲ. “ಆಗ್ಲಿ, ಎಲ್ಲಿದ್ರೂ ಕೇಳುಸ್ಕಳ್ಳಿ” ಎಂದು ಅವರು ಹಾಡಲು ಶುರು ಮಾಡಿದರು. ಜನ ಮೈಮರೆತು ಕೇಳಿದರು. ನಾನು ಮಾತ್ರ ನಿಂಗರಾಜು ಯಾವ ಸಾಲಿನಲ್ಲಿದ್ದಾನೆ ಎಂದು ಕಳ್ಳನ ಹಾಗೆ ಹುಡುಕುತ್ತ ಕೂತಿದ್ದೆ.

ಅವನು ಅಲ್ಲಿರಲಿಲ್ಲ. ಜನ ಕರಗುವವರೆಗೂ ಬಾಗಿಲಲ್ಲಿ ನಿಂತು ನೋಡಿದೆ. ಚೀಟಿ ತೆಗೆದುಕೊಂಡು ಮೇಲೆ ಕೊಡುತ್ತಿದ್ದವರನ್ನು ಕೇಳಿದೆ. “ಯಾರ್ ಕೊಟ್ರೋ, ಕೈಯಿಂದ ಕೈಗೆ ಬಂತು” ಎಂದರು. ಪುಟ್ಟರಾಜು “ನಮ್ಮವ್ವನಾಣೆ ನಾನ್ ಬರ್ದಿಲ್ಲ ಕಣ್ಲಾ” ಎಂದ. ಅವನು ನನ್ನ ತೊಡೆಗೆ ತೊಡೆ ತಾಗಿಸಿಕೊಂಡೇ ಕೂತಿದ್ದ, ಬರೆದಿದ್ದರೆ ನನಗೆ ಕಾಣುತ್ತಿತ್ತು. ಕೆಮ್ಮಿನ ಪದ ಅಂದರೆ ಏನೆಂದು ಬಾವ ನಮ್ಮನ್ನೇ ಕೇಳಿದ.

ಬೆಳಿಗ್ಗೆ ಪಾಲಹಳ್ಳಿಗೆ ಹೋದೆ. ಬಸ್ ಸ್ಟಾಪಿನ ಎದುರಿನ ಟೀ ಅಂಗಡಿಯವರು ನನ್ನನ್ನು ಕಂಡೊಡನೆ, “ಏನಪ್ಪಾ, ನಿಂಗ ಮೂರ್ ಗಂಟೆಯಿಂದ ಕತ್ಲಾಗಗಂಟ ಇಲ್ಲೇ ಕುಂತಿದ್ದ. ಕಾರ್ ಬಂದ್ಬುಡ್ತದೆ ಅಂತ ಒಂದ್ ಟೀನೂ ಕುಡೀನಿಲ್ಲ” ಎಂದರು.

ಗಿರಣಿಯೊಳಗೆ ಅವನ ಇಸ್ತ್ರಿ ಶರಟು ಮೊಳೆಗೆ ನೇತಾಡುತ್ತಿತ್ತು. ನನ್ನನ್ನು ನೋಡಿ ಮಷೀನು ನಿಲ್ಲಿಸಿದ. ನಾನು ಅವನ ಬಲಗಿವಿಗೆ ಬಾಯಿಟ್ಟು, “ಕಾರು ಕೆಟ್ಟೋಯ್ತು ಕಣ್ಲಾ, ನಾವೂ ಓಗ್ನಿಲ್ಲ” ಎಂದೆ. ಅವನು “ಓಗ್ಲಿ ಬುಡ್ಲಾ, ನೀವೂ ಕೇಳ್ನಿಲ್ವಲ್ಲ, ಪಾಪ” ಎಂದು ನನ್ನನ್ನೇ ಸಮಾಧಾನ ಮಾಡಿದ.

ಚೀಟಿ ಕಳಿಸಿದ್ದೆಯಾ ಎಂದು ಒಂದು ಮಾತು ಕೇಳಿದ್ದರೆ ಗಂಟು ಬಿಡುತ್ತಿತ್ತೇನೋ. ಆ ಕಡೆ ಹೊರಟ ಯಾರದೋ ಕೈಗೆ ಕೊಟ್ಟಿದ್ದನೇ? ಕಾರಿಗಾಗಿ ಕಾಯುತ್ತ ಕೂತವನು ಚೀಟಿ ಯಾಕೆ ಕಳಿಸುತ್ತಾನೆ? ಕೇಳಬೇಕಾದರೆ ನಾನು ಹೋಗಿದ್ದೆ ಎಂದು ಒಪ್ಪಿಕೊಳ್ಳಬೇಕು. ಅವನ ಹೆಸರು ಹೇಳಿ, ಅವನಿಗೋಸ್ಕರವೇ ಹಾಡಿದರು ಎಂಬುದನ್ನೂ ಹಾಗಾಗಿ ಹೇಳಲಿಲ್ಲ. ಎಂಥ ಸಂತೋಷ ಪಡುತ್ತಿದ್ದನೋ! ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುವಷ್ಟರಲ್ಲಿ ಬಲಗಿವಿಯೂ ಹೋಯಿತು. ಆಮೇಲೆ ಹೇಳಬೇಕೆಂದರೆ ಊರಿಗೆಲ್ಲ ಕೇಳುವಂತೆ ಕೂಗಬೇಕು. ಬರೆದು ಕೊಡಬಹುದಿತ್ತು. ಎರಡು ಸಲ ಬರೆದೆ, ಎರಡು ಸಲವೂ ಹರಿದುಹಾಕಿದೆ. ಆ ಚೀಟಿ ಬರೆದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಕೆಲವು ವರ್ಷಗಳ ನಂತರ ಆ ಗಾಯಕರು ಕೆ.ಆರ್.ಪೇಟೆಗೆ ಬರುವ ಸುದ್ದಿ ಬಂತು. ಅದನ್ನು ನನಗೆ ಹೇಳಲೆಂದೇ ನಿಂಗರಾಜು ಬಸ್ಸು ಹತ್ತಿ ಕೆ.ಆರ್.ಎಸ್.ಗೆ ಬಂದ. ತನ್ನ ದನಿ ತನಗೇ ಕೇಳದ್ದರಿಂದ ಬಸ್ ಸ್ಟಾಂಡಿನಲ್ಲಿ ನಿಂತು ಜೋರಾಗಿ, “ನೀನಾದ್ರೂ ಓಗ್ ಕೇಳ್ಕ ಬಾರ್ಲಾ. ಅವತ್ತು ನಿಂಗೂ ತಪ್ಪೋಯ್ತು” ಎಂದ. ವಾಪಸ್ಸು ಬಸ್ಸು ಹತ್ತುವವರೆಗೂ ಅದನ್ನೇ ಹೇಳುತ್ತಿದ್ದ. ನಾನು ಹೂಂ ಎಂದು ತಲೆ ಆಡಿಸಿದೆ. ಹೋಗಲಿಲ್ಲ.