ಗಾಳಿ ತಿನ್ನಿಸಿದ ಮಳೆಗಾಲ

ನನ್ನ ಅಂಗಾಲಿನಲ್ಲಿ ಇರುವೆ ಗೂಡು ಕಟ್ಟಿದೆ ಎಂದು ಅವ್ವ ಹೇಳುತ್ತಿದ್ದಳು. ಕೂತಲ್ಲಿ ಕೂರುವವನಲ್ಲ, ನಿಂತಲ್ಲಿ ನಿಲ್ಲುವವನಲ್ಲ. ಬಲವಂತದಿಂದ ಕೂರಿಸಿದರೆ ಕಾಲಿನ ಬದಲು ಬಾಯಿ ನಡೆಯುತ್ತಿತ್ತು. ಹೇಮಗುಡ್ಡದ ಕೆಳಗಿನ ನಮ್ಮ ಹಳ್ಳಿಯಲ್ಲಿ ನಾನು ಅಣಕಿಸದ ಜೀವ ಉಳಿದಿರಲಿಲ್ಲ, ಮನೆಯ ಎಮ್ಮೆಯೂ ಸೇರಿ. ನನ್ನ ಮೂಗು ನನಗಿಂತ ಮೊದಲು ಮನೆ ಸೇರುತ್ತದೆ ಎಂಬ ಮಾತನ್ನು ಊರಲ್ಲಿ ಹಬ್ಬಿಸಿದವನೂ ನಾನೇ. ಬೇರೆಯವರು ಹೇಳುವ ಮೊದಲು ನಾವೇ ಹೇಳಿಕೊಂಡರೆ ಅವರಿಗೆ ಕೆಲಸ ಉಳಿಯುವುದಿಲ್ಲ.

ಅಂಥ ನನ್ನನ್ನು ಒಂದು ಮಳೆಗಾಲ ಅಜ್ಜ ಮಲಗುವ ಹೊರಸಿನ ಪಕ್ಕ ಬೀಸಣಿಗೆ ಕೊಟ್ಟು ಕೂರಿಸಿದರು. ಆಗ ನನಗೆ ಹತ್ತೊಂಬತ್ತೋ ಇಪ್ಪತ್ತೋ. ನಾಲ್ಕೈದು ವರ್ಷ ಕಳೆದಿವೆ. ಈಗಲೂ ಬೀಸಣಿಗೆ ಕಂಡರೆ ಎದ್ದು ಹೊರಗೆ ಹೋಗುತ್ತೇನೆ.

ಅಜ್ಜನದು ದಿನವೂ ಒಂದೇ ಪದ್ಧತಿ. ನಸುಕಿಗೆ ಎದ್ದು ಬಡಿಗೆ ಹಿಡಿದು ಗುಡ್ಡದ ದಾರಿ ಹಿಡಿಯುವನು. ಊರಾಚೆ ಹುಣಸೆಮರ ದಾಟಿದರೆ ಒಂದು ಚಪ್ಪಟೆ ಬಂಡೆ ಇದೆ. ಅದರ ಮೇಲೆ ಕೂತು ಬೇವಿನ ಕಡ್ಡಿಯಿಂದ ಹಲ್ಲುಜ್ಜುವನು. ಬರುವಾಗ ಮನೆಯವರಿಗೆಲ್ಲ ಒಂದೊಂದು ಕಡ್ಡಿ ತರುವನು. ಇನ್ನೂ ಮಲಗಿದವರ ಬೆನ್ನಿಗೆ ಬಡಿಗೆಯ ತುದಿ ತಾಗಿಸಿ, "ಏಳ್ರಿ, ಗುಡ್ಡ ಇದ್ದಲ್ಲೇ ಐತಿ, ನೋಡಿ ಬಂದೀನಿ" ಎನ್ನುವನು. ರಾತ್ರಿಯೆಲ್ಲ ಗುಡ್ಡ ಎಲ್ಲಿಗೋ ಓಡಿಹೋಗುವ ಸನ್ನಾಹದಲ್ಲಿತ್ತು, ತಾನು ಹೋಗಿ ತಡೆದು ಬಂದೆ ಎನ್ನುವ ಧಾಟಿ. ಆ ಧಾಟಿಯನ್ನು ನಾನು ಅಣಕಿಸಿ ಊರೆಲ್ಲ ಹಂಚಿದ್ದೆ.

ಆ ವರ್ಷ ಶ್ರಾವಣದಲ್ಲಿ ಬಂಡೆಯ ಪಾಚಿಗೆ ಅಜ್ಜನ ಕಾಲು ಜಾರಿತು. ಮೊದಲು ನೋಡಿದವನು ಕಾಕಾ. ಅಪ್ಪ ತೀರಿದ ಮೇಲೆ ನಮ್ಮ ಮನೆ ನಡೆಸುತ್ತಿದ್ದವನು ಅವನೇ. ಗಂಗಾವತಿಯ ಕಚೇರಿಯಲ್ಲಿ ಗುಮಾಸ್ತ. ದಿನವೂ ಸೈಕಲ್ಲಿನ ಮೇಲೆ ಆ ದಾರಿಯಲ್ಲೇ ಹೋಗುತ್ತಿದ್ದ. ಅಜ್ಜನನ್ನು ಬೆನ್ನ ಮೇಲೆ ಹೊತ್ತು ತಂದ. ಅವತ್ತಿನ ಅವನ ಮುಖವನ್ನು ಅಣಕಿಸಲು ನನಗೂ ಮನಸ್ಸಾಗಲಿಲ್ಲ.

ಗಂಗಾವತಿಯಿಂದ ಹಕೀಮ್ ಸಾಹೇಬರು ಬಂದರು. ಮೊಣಕಾಲು ಒತ್ತಿ, ಮಡಚಿ ನೋಡಿ, ಎಲುಬು ಮುರಿದಿಲ್ಲ ಎಂದರು. ಹಚ್ಚಲು ಎಣ್ಣೆ ಕೊಟ್ಟರು. ಗಾಡಿ ಹತ್ತುವಾಗ ಕಾಕಾನಿಗೆ, "ಸೂಜನ್ ಉತರೇ ತೋ ಸುಬಹ್ ಶಾಮ್ ಇನ್ಕೋ ಹವಾ ಖಿಲಾವ್" ಎಂದು ಹೇಳಿ ಹೋದರು.

ನಿಜಾಮ ಸರಕಾರದ ಕಚೇರಿಯಲ್ಲಿ ಕಾಕಾನ ಹೊಟ್ಟೆ ತುಂಬಿಸುತ್ತಿದ್ದುದೇ ಉರ್ದು. ಅವ್ವ ಬಾಗಿಲ ಮರೆಯಿಂದ, "ಏನಂದ್ರಂತ?" ಎಂದು ಕೇಳಿದಳು.

"ಬಾವು ಇಳದ ಮ್ಯಾಲೆ ಮುಂಜಾನಿ ಸಂಜಿ ಗಾಳಿ ತಿನ್ನಸ್ಬೇಕಂತ."

"ಗಾಳಿ ತಿನ್ನಸೂದು ಹ್ಯಾಂಗ?"

"ಹವಾ ಅಂದ್ರ ಗಾಳಿ. ಖಿಲಾನಾ ಅಂದ್ರ ತಿನ್ನಸೂದು. ಇದಕಿಂತ ಬಿಡಿಸಿ ಹ್ಯಾಂಗ ಹೇಳ್ಲಿ?"

"ಉಪ್ಪು ಹಾಕಿ ತಿನ್ನಸೂದೋ ಬೆಲ್ಲ ಹಾಕಿ ತಿನ್ನಸೂದೋ, ಕಾಕಾ?" ಎಂದೆ ನಾನು.

ಕಾಕಾ ನನ್ನನ್ನು ನೋಡಿದ. ಗೂಟಕ್ಕೆ ನೇತುಹಾಕಿದ್ದ ಬೀಸಣಿಗೆಯನ್ನು ನೋಡಿದ. ಮತ್ತೆ ನನ್ನನ್ನು ನೋಡಿದ. "ನೀನ ತಿನ್ನಸು" ಎಂದ.

ಸಾಲೆಯಲ್ಲಿ ನಾನೂ ಉರ್ದು ಓದಿದವನು. ನನಗೂ ಆ ಅರ್ಥದಲ್ಲಿ ಕುಂದು ಕಾಣಲಿಲ್ಲ.

ಬಾವು ಬೇಗನೆ ಇಳಿಯಿತು. ಹೊರಸನ್ನು ಪಡಸಾಲೆಯ ಕಿಟಕಿಗೆ ಎಳೆದು ಗಾಳಿ ತಿನ್ನಿಸುವುದು ಶುರುವಾಯಿತು. ಮುಂಜಾನೆ ಬೀಸಬೇಕು, ಸಂಜೆ ಬೀಸಬೇಕು, ನಡುವೆ ಅಜ್ಜ ಏಳದಂತೆ ಕಾಯಬೇಕು. ಏಳಲು ಹೋದರೆ ಕಾಕಾ ಬೈಯುತ್ತಿದ್ದ, ಕಾಕಾ ಇಲ್ಲದಾಗ ಅವ್ವ. ಮೊದಮೊದಲು ಅಜ್ಜ ತಿರುಗಿ ಬೈದ. ಆಮೇಲೆ ಬೈಯುವುದು ಬಿಟ್ಟ. ಆಮೇಲೆ ಅರ್ಧ ರೊಟ್ಟಿ ಬಿಟ್ಟ. ಹಗಲು ತೂಕಡಿಸುವನು, ರಾತ್ರಿ ಕಣ್ಣು ಬಿಟ್ಟು ಜಂತಿ ನೋಡುವನು. ನಾನು ಎಮ್ಮೆಯ ದನಿ ತೆಗೆದರೆ ಮೊದಲು ನಗುತ್ತಿದ್ದವನು, "ಹಾಲು ಹಿಂಡೂ ಹೊತ್ತಾತೇನು?" ಎಂದು ಕೇಳಿದ. ಅಣಕ ಅಷ್ಟು ಚೆನ್ನಾಗಿತ್ತು ಎಂದು ಹಿಗ್ಗಲೋ, ಅಜ್ಜನ ತಲೆ ಮಂಕಾಯಿತೆಂದು ಹೆದರಲೋ ತಿಳಿಯಲಿಲ್ಲ.

ನನ್ನ ಗತಿಯೂ ನೆಟ್ಟಗಿರಲಿಲ್ಲ. ತೊಡೆ ಜೋಮು ಹಿಡಿಯುತ್ತಿತ್ತು. ಉಂಡದ್ದು ಕರಗುತ್ತಿರಲಿಲ್ಲ. ಸುಮ್ಮನೆ ಸಿಟ್ಟು ಬರುತ್ತಿತ್ತು. ಒಮ್ಮೆ ತುಂಬಿದ ಕೊಡಕ್ಕೆ ಒದ್ದು ಅವ್ವನ ಕೈಲಿ ಪೆಟ್ಟು ತಿಂದೆ. ಕಿಟಕಿಯಲ್ಲಿ ಗುಡ್ಡದ ಒಂದು ತುಣುಕು ಕಾಣುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತಿದ್ದೆವು, ಬೋನಿನ ಒಳಗಿನ ಎರಡು ಮಂಗಗಳ ಹಾಗೆ.

ಎಣ್ಣೆ ಮುಗಿದಾಗ ನನ್ನನ್ನು ಗಂಗಾವತಿಗೆ ಕಳಿಸಿದರು. ಬಂಡಿ ಕಟ್ಟಿಸುತ್ತೇನೆಂದ ಅವ್ವನ ಮಾತು ಮುಗಿಯುವ ಮೊದಲೇ ನಾನು ಊರ ಅಗಸಿಬಾಗಿಲು ದಾಟಿದ್ದೆ. ದಾರಿಯುದ್ದಕ್ಕೂ ಓಡಿದೆ, ನಡೆದೆ, ಹಳ್ಳದ ನೀರಲ್ಲಿ ಕಾಲು ಬಡಿದೆ. ಗಂಗಾವತಿ ಮುಟ್ಟುವ ಹೊತ್ತಿಗೆ ಹಸಿವು ಕಿತ್ತು ತಿನ್ನುತ್ತಿತ್ತು.

ಹಕೀಮರ ಮನೆಯ ಪರದೆಯ ಹಿಂದಿನಿಂದ ಹೆಂಗಸಿನ ದನಿ ಬಂತು: "ಹಕೀಮ್ ಸಾಬ್ ಹವಾ ಖಾನೆ ಗಯೇ."

ಗಾಳಿ ತಿನ್ನಲು ಹೋಗಿದ್ದಾರೆ. ಮನೆಯಲ್ಲೇ ಬೀಸಣಿಗೆ ಇಲ್ಲವೇ ಎಂದುಕೊಂಡೆ. ಯಾವ ಕಡೆ ಎಂದು ಕೇಳಿದರೆ, ಕಾಲುವೆಯ ಕಡೆ ಎಂದಳು. ಹೋದೆ. ಭತ್ತದ ಗದ್ದೆಗಳ ನಡುವೆ ಕಾಲುವೆಯ ಏರಿಯ ಮೇಲೆ ಹಕೀಮರು ಕೋಲು ಬೀಸುತ್ತ, ಬೆವರುತ್ತ, ದಾಪುಗಾಲು ಹಾಕಿ ಬರುತ್ತಿದ್ದರು.

"ಗಾಳಿ ತಿನ್ನೂದು ಮುಗೀತೇನ್ರಿ ಸಾಹೇಬ್ರ?" ಎಂದೆ.

"ಮುಗೀತು. ಯಾಕ, ನಿಮ್ಮ ಅಜ್ಜಾರು ತಿನ್ನಾಕತ್ತಿಲ್ಲೇನು?"

"ದಿನಾ ಎರಡು ಹೊತ್ತು ನಾನ ತಿನ್ನಸ್ತೀನ್ರಿ. ಬೀಸಣಿಕಿಲೆ."

ಹಕೀಮರು ನಿಂತರು. ನಾನು ಕೈಯಾಡಿಸಿ ತೋರಿಸಿದೆ. ನಕ್ಕು ನಕ್ಕು ಅವರಿಗೆ ಕೆಮ್ಮು ಹತ್ತಿತು. "ಹುಚ್ಚಪ್ಪಾ, ಹವಾ ಖಾನಾ ಅಂದ್ರ ಬಯಲಾಗ ಅಡ್ಡಾಡೂದು. ನಾ ಈಗ ಮಾಡಾಕತ್ತೀನಲಾ, ಇದು." ಆಮೇಲೆ ನಗು ನಿಂತಿತು. "ಬಾವು ಇಳದು ಎಷ್ಟ ದಿನ ಆತು? ಭಾಳ ಆಗಿರಬೇಕು. ಇನ್ನ ಮಲಗಿಸಿದ್ರ ಅದು ಮನಷ್ಯಾನ ಕಾಲಾಗಿ ಉಳಿಯೂದಿಲ್ಲ, ಹೊರಸಿನ ಕಾಲಾಗತೈತಿ. ಎಣ್ಣಿ ಬ್ಯಾಡ. ನಾಳಿನ ಎಬ್ಬಸ್ರಿ."

ಮನೆಗೆ ಬಂದು ಹಕೀಮರ ದನಿಯಲ್ಲೇ, ಕೆಮ್ಮಿನ ಸಮೇತ ಒಪ್ಪಿಸಿದೆ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಕಾಕಾ ನಗಲಿಲ್ಲ.

"ನನಗ ಉರ್ದು ಕಲಸಾಕ ಬಂದೀ?"

"ನಾ ಅಲ್ಲ ಕಾಕಾ, ಹಕೀಮರು."

"ಮತ್ತ ಬಿದ್ರ? ಹೊತ್ತು ತರಾಂವ ನೀ ಅಲ್ಲ. ಆವತ್ತು ಬಂಡೆಗಲ್ಲಿನ ಮ್ಯಾಲೆ ಬಿದ್ದಿದ್ದ ನೋಡಿ, ಜೀವ ಹೋಗೇತಂತನ ತಿಳದಿದ್ದೆ ನಾ." ಕಾಕಾ ಗೋಡೆಯ ಕಡೆ ತಿರುಗಿದ.

ಹೊರಸಿನಿಂದ ಅಜ್ಜ ಮೆಲ್ಲಗೆ ಹೇಳಿದ: "ಜಗಳ ಯಾಕ? ಕಾಲು ನಂದು. ಅದು ಒಲ್ಲೆ ಅಂತೈತಿ. ಬಿಡ್ರಿ ಅತ್ಲಾಗ."

ನನಗೆ ಭಯವಾದದ್ದು ಆಗ. ಯಾವ ಜಗಳವನ್ನೂ ಬಿಟ್ಟವನಲ್ಲ ನಮ್ಮ ಅಜ್ಜ.

ಮರುದಿನ ಮುಂಜಾನೆ ಬೀಸಣಿಗೆ ಮುಟ್ಟಲಿಲ್ಲ. ಕೈಕಾಲು ಸುಮ್ಮನಿರದೆ ಅಜ್ಜನ ಬಡಿಗೆ ತೆಗೆದುಕೊಂಡು, ಧೋತರದ ಚುಂಗು ಎತ್ತಿ, ಗಂಟಲು ಕೆರೆದು ಪಡಸಾಲೆಯಲ್ಲಿ ಆ ತುದಿಯಿಂದ ಈ ತುದಿಗೆ ನಡೆದೆ. ಊರಲ್ಲಿ ಎಲ್ಲರೂ ಮೆಚ್ಚಿದ ನಡಿಗೆ ಅದು. ಅವ್ವ ನಕ್ಕಳು. ಕಚೇರಿಗೆ ಹೊರಟಿದ್ದ ಕಾಕಾನ ಮೀಸೆಯೂ ಅಲುಗಿತು.

"ಅದ್ಯಾರ ನಡಿಗಿ?" ಎಂದ ಅಜ್ಜ.

"ನಿಂದ."

"ಸುಳ್ಳು."

"ಊರ ಮಂದಿನ ಕೇಳು."

"ಊರ ಮಂದಿಗೇನು ಗೊತ್ತು? ನಾ ಬಡಿಗಿ ಎಡಗೈಯಾಗ ಹಿಡೀತೀನಿ. ಅದು ಬಲಗಾಲಿನ ಜೋಡಿ ಮುಂದ ಹೋಗತೈತಿ. ನೀ ನಡಿಯೂದು ಕುಂಟ ಕೋಳಿ ನಡದಂಗ ಐತಿ."

ಕೈ ಬದಲಿಸಿ ನಡೆದೆ. "ಆಗಲಿಲ್ಲ" ಎಂದ. ಮತ್ತೆ ನಡೆದೆ. "ಏ, ಕೊಡಿಲ್ಲಿ." ಕಾಲು ಕೆಳಗಿಳಿಸಿದ. ಕಾಕಾ ಮುಂದೆ ಬಂದವನು, ಅವ್ವ ತಡೆದಳೋ ತಾನೇ ತಡೆದುಕೊಂಡನೋ, ಹೊಸ್ತಿಲಲ್ಲೇ ನಿಂತ. ಅಜ್ಜ ಹೊರಸಿನ ಪಟ್ಟಿ ಹಿಡಿದು ಎದ್ದ. ಮೊಣಕಾಲು ನಡುಗಿತು. ಬಡಿಗೆ, ಬಲಗಾಲು, ಆಮೇಲೆ ಎಡಗಾಲು. ಬಾಗಿಲಿಗೆ ಬರುವಷ್ಟರಲ್ಲಿ ಹಣೆಯೆಲ್ಲ ಬೆವರು. ಕಂಬಕ್ಕೆ ಒರಗಿ, "ಹಿಂಗ" ಎಂದ.

ಮಧ್ಯಾಹ್ನ ಇಡೀ ರೊಟ್ಟಿ ಉಂಡ. ಪಲ್ಯಕ್ಕೆ ಉಪ್ಪಿಲ್ಲವೆಂದು ಅವ್ವನನ್ನು ಬೈದ. ಅವ್ವ ಒಲೆಯ ಮುಂದೆ ಕೂತು ಕಣ್ಣೊರೆಸಿಕೊಂಡಳು, ಉಪ್ಪು ಸರಿಯಾಗಿಯೇ ಇತ್ತು.

ಮೊದಲು ಅಂಗಳ, ಆಮೇಲೆ ಅಗಸಿ, ಆಮೇಲೆ ಹುಣಸೆಮರ. ನಾನು ಮುಂದೆ ಓಡುವುದು, ಹಿಂದೆ ಬರುವುದು, ಮತ್ತೆ ಓಡುವುದು. ಹಿಂದೆ ಕಾಕಾ, ಸೈಕಲ್ಲು ಏರದೆ ತಳ್ಳಿಕೊಂಡು. "ಚಾಕಕ್ಕ ಗಾಳಿ ಕಡಿಮಿ ಐತಿ" ಎನ್ನುತ್ತಿದ್ದ ಪ್ರತಿದಿನ. ಚಕ್ರದಲ್ಲಿ ಗಾಳಿ ತುಂಬಿಯೇ ಇತ್ತು, ನಾನು ಒತ್ತಿ ನೋಡಿದ್ದೆ. ಆದರೂ ಅವನು ಹಿಂದೆ ಇದ್ದದ್ದು ನನಗೂ ಧೈರ್ಯ.

ಬಂಡೆ ಮುಟ್ಟಿದ ದಿನ ಪಾಚಿ ಒಣಗಿತ್ತು. ಕಾಕಾ ಸೈಕಲ್ಲನ್ನು ಬೇವಿಗೆ ಒರಗಿಸಿ, ಚಪ್ಪಲಿ ಬಿಟ್ಟು, ಬಂಡೆಯ ಮೇಲೆ ತಾನೇ ಮೊದಲು ಕಾಲಿಟ್ಟು ಉಜ್ಜಿ ನೋಡಿದ. ಆಮೇಲೆ ಕೈ ಚಾಚಿದ. ಅಜ್ಜ ಆ ಕೈ ಹಿಡಿದು ಹತ್ತಿ ಕೂತ. ಬಹಳ ಹೊತ್ತು ಗುಡ್ಡ ನೋಡಿದ. ಅದು ಇದ್ದಲ್ಲೇ ಇತ್ತು. ನಾನು ಸುಮ್ಮನಿರಲಾರದೆ ಬಂಡೆ ಸುತ್ತುತ್ತಿದ್ದೆ.

ಅಜ್ಜ ಎದ್ದ. ಬಡಿಗೆಯನ್ನು ಕಾಕಾನ ಕೈಗೆ ಕೊಟ್ಟ. ಕತ್ತು ಮುಂದೆ ಚಾಚಿ, ಮೊಣಕೈ ಎರಡೂ ಬಡಿಯುತ್ತ, ಯಾರೋ ಅಟ್ಟಿಸಿಕೊಂಡು ಬಂದಂತೆ ಹಿಂದೆ ಹಿಂದೆ ನೋಡುತ್ತ ನಾಲ್ಕು ಹೆಜ್ಜೆ ಹಾಕಿದ. ಕಾಕಾ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟ.

"ಯಾರದು?" ಎಂದೆ, ಗೊತ್ತಿದ್ದೂ.

"ನಿನ್ನ ಮೂಗು ಬರ್ಲಿಲ್ಲ ನನಗ" ಎಂದ ಅಜ್ಜ, ಏದುಸಿರು ಬಿಡುತ್ತ. "ಉಳದದ್ದೆಲ್ಲಾ ಬಂತು."